ಬಾಲಕ್ಕೆ ಕಟ್ಟಿದ ಹಗ್ಗ

ಆ ವಿಡಿಯೊ ಇರುವುದು ಇಪ್ಪತ್ತಮೂರು ಸೆಕೆಂಡು. ಮರಳ ಮೇಲೆ ಒಂದು ಕರಿ ತಿಮಿಂಗಿಲ ಬಿದ್ದಿದೆ. ಅದರ ಬಾಲಕ್ಕೆ ನೀಲಿ ನೈಲಾನ್ ಹಗ್ಗ ಬಿಗಿದಿದೆ. ಗಂಟಿನ ಮೇಲೆ ಒಬ್ಬ ಮುದುಕನ ಎರಡು ಕೈ. ಮುದುಕ ತಲೆಯೆತ್ತಿ ಏನೋ ಕೂಗುತ್ತಾನೆ, ಗಾಳಿಯ ಸದ್ದಿಗೆ ಕೇಳಿಸುವುದಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಪಿಕಪ್ ಗಾಡಿಯ ಬೆನ್ನು. ಅಷ್ಟೇ. ಅದರ ಕೆಳಗೆ ಯಾರೋ ತಮಿಳಿನಲ್ಲಿ ಬರೆದಿದ್ದರು, ಆಮೇಲೆ ಯಾವನೋ ಪುಣ್ಯಾತ್ಮ ಅದನ್ನು ಕನ್ನಡಕ್ಕೂ ತಂದ: ಬೆಟ್ಟದಿಂದ ಬಂದು ತಿಮಿಂಗಿಲ ಕೊಂದ ಮುದುಕ.

ಆ ಮುದುಕ ನನ್ನ ದೊಡ್ಡಪ್ಪ, ಮಾದಪ್ಪ. ಗಾಡಿ ನನ್ನದು. ಸ್ಟೇರಿಂಗ್ ಹಿಡಿದು ಒಳಗೆ ಕೂತವನು ನಾನು, ಗುರುಮೂರ್ತಿ. ನಾನು ಆ ವಿಡಿಯೊದಲ್ಲಿ ಎಲ್ಲೂ ಕಾಣುವುದಿಲ್ಲ. ದೊಡ್ಡಪ್ಪ ಆ ಗಂಟು ಹಾಕುತ್ತಿರಲಿಲ್ಲ, ಬಿಚ್ಚುತ್ತಿದ್ದ. ಇಷ್ಟು ಹೇಳಲಿಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಥೂ ನನ್ನ ಜನ್ಮಕ್ಕೆ.

ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದ ಬೆಟ್ಟದ ಮೇಲೆ, ತಾಳವಾಡಿ ಸುತ್ತಿನ ಊರುಗಳಲ್ಲಿ ದನ ಬಿದ್ದರೆ ಡಾಕ್ಟರು ಬಂದು ಸೂಜಿ ಹಾಕಿ ಹೋಗುತ್ತಾರೆ. ಅದು ಏಳದಿದ್ದರೆ ಜನ ದೊಡ್ಡಪ್ಪನನ್ನು ಕರೆಯುತ್ತಿದ್ದರು. ಕರು ಹಾಕಿ ಬಿದ್ದ ಹಸು, ಕೆರೆಯ ಕೆಸರಿನಲ್ಲಿ ಸಿಕ್ಕಿ ಕಾಲು ಸೋತ ಎತ್ತು, ಯಾವುದಾದರೂ ಸರಿ, ಅವನು ಹೋಗಿ ಮೊದಲು ಅದರ ತಲೆಯ ಪಕ್ಕ ಕೂರುತ್ತಿದ್ದ. ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತದೆ ಎಂದು ಎದೆಯ ಮೇಲೆ ಕೂರಿಸಿ, ಎರಡೂ ಕಡೆ ಹುಲ್ಲು ತುಂಬಿದ ಗೋಣಿಚೀಲ ಒತ್ತುಕೊಡುತ್ತಿದ್ದ. ಗಂಟೆಗೊಂದು ಸಲ ಮಗ್ಗುಲು ಬದಲಿಸುತ್ತಿದ್ದ. ಆಮೇಲೆ ಪಟ್ಟಿ. ಗೋಣಿಗೆ ಹಳೆಯ ಸೀರೆ ಸೇರಿಸಿ ಅವನೇ ಕೈಯಲ್ಲಿ ಹೊಲಿದ ಮೊಳದಗಲದ ಪಟ್ಟಿ ಅದು. ಅದನ್ನು ಹೊಟ್ಟೆಯಡಿ ತೂರಿಸಿ, ತುದಿಗಳನ್ನು ಬೊಂಬಿಗೆ ಕಟ್ಟಿ, ನಾಲ್ಕು ಜನ ಹೆಗಲು ಕೊಟ್ಟು ಎತ್ತಬೇಕು. ಎತ್ತಿದ ಮೇಲೆ ದನ ತನ್ನ ಕಾಲ ಮೇಲೆ ತಾನು ನಿಲ್ಲುವ ತನಕ ಇಳಿಸುವಂತಿಲ್ಲ. ಹೆಗಲು ನೋವು ಎಂದು ನಾವು ಗೊಣಗಿದರೆ, "ನಿನ್ ಎಗಲು ನಾಳ ಸರಿ ಓಯ್ತದ ಕಣ್ಲಾ, ಇಡ್ಕ ಸುಮ್ನ" ಎನ್ನುತ್ತಿದ್ದ. ಕೂಲಿ ಮುಟ್ಟುತ್ತಿರಲಿಲ್ಲ. ಎದ್ದ ಹಸು ಮೊದಲ ಸಲ ಗಂಜಲ ಹೊಯ್ಯುವುದನ್ನು ನೋಡಿಕೊಂಡೇ ಮನೆಗೆ ಬರುತ್ತಿದ್ದ. ಅವನಿಗೆ ಮಕ್ಕಳಿಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನೂ ಅವನೇ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದವರು ಯಾರೂ ಇಲ್ಲ, ನಾನೇ ಕೊಬ್ಬಿನಿಂದ ಬಿಟ್ಟೆ. ಓದಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ಕಡೆ ತಮಿಳು ಎಲ್ಲರ ಬಾಯಲ್ಲೂ ಓಡಾಡುತ್ತದೆ. ಸಂತೆಯಲ್ಲಿ ಜಗಳ ಆಡುವಷ್ಟು ನನಗೂ ಬರುತ್ತದೆ. ಓದಲು ಮಾತ್ರ ಬರುವುದಿಲ್ಲ. ಊರುಗಳ ಹೆಸರನ್ನು ಬೋರ್ಡಿನ ಮೇಲೆ ಅಕ್ಷರದ ಆಕಾರ ನೋಡಿ ಗುರುತು ಹಿಡಿಯುತ್ತೇನೆ, ಅಷ್ಟೇ. ಇದನ್ನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದ ಗಂಡಸು, ಸ್ವಂತ ಗಾಡಿ, ವಾರಕ್ಕೊಮ್ಮೆ ತೂತ್ತುಕುಡಿ ಕಡೆಗೆ ಕೋಸು, ಬೀಟ್‌ರೂಟ್ ಹೊಡೆಯುವವನು. ಅಂಥವನು ಓದಲು ಬರುವುದಿಲ್ಲ ಎಂದು ಹೇಗೆ ಹೇಳುತ್ತಾನೆ?

ಅಲ್ಲೊಂದು ಮೀನುಗಾರರ ಊರಿನ ಸಂತೆಗೆ ನಾನು ಮಾಲು ಇಳಿಸುತ್ತಿದ್ದೆ. ಖಾಲಿ ಗೋಣಿಚೀಲಗಳನ್ನು ಅಮಲೋರ್ಪವಂ ಅಕ್ಕನಿಗೆ ಕೊಟ್ಟು ಬರುತ್ತಿದ್ದೆ. ಮೀನು ಮಾರುವ ಹೆಂಗಸು, ಐವತ್ತು ದಾಟಿದೆ, ಗಂಟಲು ಕಡಲಿಗೆ ಎದುರಾಗಿ ಕೂಗಿ ಕೂಗಿ ಒಡೆದುಹೋಗಿದೆ. ಹಿಂದೆ ಒಂದು ಸಲ ಆ ಊರಿನ ದಡಕ್ಕೆ ತಿಮಿಂಗಿಲಗಳ ಹಿಂಡೇ ಬಂದು ಬಿದ್ದಿತ್ತಂತೆ. ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಬಹಳಷ್ಟು ಸತ್ತವು. ಆಳೆತ್ತರದ ಗುಂಡಿ ತೋಡಿ ಊರವರೇ ಹೂತರು. ಆ ಮೇಲೆ ಊರು ಒಂದಾಯಿತು. ಮರಳು ತುಂಬಲು ಬರುವ ಲಾರಿಗಳನ್ನು ಹೆಂಗಸರು ದಾರಿಗೆ ಅಡ್ಡ ಕೂತು ವಾಪಸ್ ಕಳಿಸಿದರು. ಕಡಲಿನ ಬಂಡೆಗಳಿಗೆ ಸಿಕ್ಕಿಕೊಂಡ ಹರಕು ಬಲೆಗಳನ್ನು ಪ್ರತಿ ಶನಿವಾರ ಹುಡುಗರು ಮುಳುಗಿ ಬಿಡಿಸಿ ತರುತ್ತಾರೆ. ಬಲೆಗೆ ತಿಮಿಂಗಿಲ ಸಿಕ್ಕರೆ ಬಲೆ ಎಷ್ಟೇ ಹೊಸದಿರಲಿ ಕೊಯ್ದು ಬಿಡಬೇಕು, ಅದು ಊರಿನ ಕಟ್ಟು. ಬಲೆ ಇಡುವ ಕೊಟ್ಟಿಗೆಯಲ್ಲಿ ಹಳೆ ಸೀರೆ, ಬಕೆಟ್ಟು, ನಮ್ಮ ಬೆಟ್ಟದ ಗೋಣಿಚೀಲ ಎಲ್ಲ ಜೋಡಿಸಿಟ್ಟಿದ್ದರು. ಕೊಟ್ಟಿಗೆಯ ಗೋಡೆಗೆ ಒಂದು ದೊಡ್ಡ ಹಳದಿ ಹಲಗೆ. ಅದರ ಮೇಲೆ ತಮಿಳಿನಲ್ಲಿ ಆರು ಸಾಲು.

ಅಕ್ಕ ಮೊದಲ ದಿನವೇ ಆ ಹಲಗೆ ತೋರಿಸಿ ತಮಿಳಿನಲ್ಲಿ ಕೇಳಿದ್ದಳು. "ಗಾಡಿಯವರು ಎಲ್ಲರೂ ಇದನ್ನು ಓದಲೇಬೇಕು. ಆಪತ್ತು ಬಂದಾಗ ಮೊದಲು ಓಡಿ ಬರುವವರು ನೀವೇ. ಓದಿದೆಯಾ ತಂಬಿ?"

"ಓದಿದೆ ಅಕ್ಕ" ಎಂದೆ.

ಮೂರು ವರ್ಷ ನಾನು ಆ ಹಲಗೆಯ ಮೊಳೆಗೇ ನನ್ನ ಟಾರ್ಪಾಲಿನ ಹಗ್ಗ ಸಿಕ್ಕಿಸಿ ಮಾಲು ಇಳಿಸಿದ್ದೇನೆ.

ಆಗಸ್ಟ್ ತಿಂಗಳಲ್ಲಿ ದೊಡ್ಡಪ್ಪ, "ಒಂದ್ ಸಲ ಸಮುದ್ರ ನೋಡ್ಬೇಕು ಕಣ್ಲಾ" ಎಂದ.

"ನೋಡಿ ಏನ್ ಮಾಡಿಯ ದೊಡ್ಡಪ್ಪ?"

"ನೋಡ್ತೀನಿ. ಸಮುದ್ರ ನೋಡಾಕಲ್ದೆ ಉಳಾಕ ಇದ್ದದೇನ್ಲಾ?"

ಪಟ್ಟಿಯನ್ನು ಸುತ್ತಿ ತಲೆದಿಂಬು ಮಾಡಿಕೊಂಡು ಗಾಡಿ ಹತ್ತಿದ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿನಲ್ಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ ನಗುತ್ತಿದ್ದ. ಸಂಜೆ ಕಡಲು ಕಂಡ ಕೂಡಲೇ ಪಂಚೆ ಎತ್ತಿ ಕಟ್ಟಿ ಮಂಡಿಯವರೆಗೆ ಇಳಿದ. ಒಂದು ಬೊಗಸೆ ಬಾಯಿಗೆ ಹಾಕಿ ಉಗಿದ. "ಅಯ್ಯೋ ಇದ್ರ ಮನ ಕಾಯ್ವಾಗ! ಇಷ್ಟ್ ನೀರ್ ಮಡಿಕ್ಕಂಡು ಒಂದ್ ದನಕ್ಕೂ ಕುಡ್ಸಂಗಿಲ್ವಲ್ಲಾ" ಎಂದ.

ಮಾರನೆಯ ಬೆಳಿಗ್ಗೆ ಮಾಲು ಇಳಿಸುತ್ತಿದ್ದಾಗ ದಡದ ಕಡೆಯಿಂದ ಆಪತ್ತಿನ ಸೀಟಿ ಕೇಳಿಸಿತು. ಊರಿಗೆ ಊರೇ ದಡಕ್ಕೆ ಓಡಿತು. ಐದು ತಿಮಿಂಗಿಲಗಳು ಬಂದಿದ್ದವು. ಗುಂಡು ತಲೆ, ಕರಿ ಮೈ, ಒಂದೊಂದೂ ನನ್ನ ಗಾಡಿಯಷ್ಟು ಉದ್ದ. ನಾಲ್ಕು ಇನ್ನೂ ಎದೆಮಟ್ಟದ ನೀರಿನಲ್ಲಿದ್ದವು. ಅಕ್ಕ ಕೂಗಿ ಕೂಗಿ ಜನರನ್ನು ಸಾಲು ನಿಲ್ಲಿಸಿದಳು. ಹೆಂಗಸರು ಹುಡುಗರು ಕೈಗೆ ಕೈ ಕೂಡಿಸಿ ಗೋಡೆ ಕಟ್ಟಿದಂತೆ ನಿಂತು, ಅವನ್ನು ಮೆಲ್ಲಗೆ ಆಳಕ್ಕೆ ತಿರುಗಿಸಿದರು. ಐದನೆಯದು ಮಾತ್ರ ಮರಳಿನ ದಿಬ್ಬಕ್ಕೆ ಹತ್ತಿ ಮಗ್ಗುಲಾಗಿ ಬಿದ್ದಿತ್ತು.

ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ. ಹೋಗಿ ಅದರ ತಲೆಯ ಪಕ್ಕ ಕೂತ.

"ಮಗ್ಲಾಗ್ ಬಿದ್ದದ ಕಣ್ಲಾ ಗುರು. ಕೂರ್ಸ್ಬೇಕು. ಚೀಲ ತತ್ತಾ."

ಎಂಟು ಜನ ಸೇರಿ ಅದನ್ನು ಹೊಟ್ಟೆಯ ಮೇಲೆ ಬರುವಂತೆ ಹೊರಳಿಸಿದೆವು. ಎರಡೂ ಕಡೆ ಮರಳು ತುಂಬಿದ ಚೀಲ ಕೊಟ್ಟೆವು. ಬೆನ್ನಿನ ಮೇಲೆ ಒದ್ದೆ ಸೀರೆ ಹೊದಿಸಿದೆವು. ಅದರ ನೆತ್ತಿಯ ಮೇಲಿನ ತೂತು ಟಪ್ಪನೆ ತೆರೆದು ದೊಡ್ಡಪ್ಪನ ಮುಖಕ್ಕೆ ಉಸಿರು ಬಿಟ್ಟಿತು. ಅವನು ಮಗುವಿನ ಹಾಗೆ ನಕ್ಕ.

"ಉಸ್ರು ಬುಡ್ತು ನೋಡ್ಲಾ! ಬೆಚ್ಚಗದ. ನಮ್ ದನುದ್ ಉಸ್ರಂಗೇ ಅದ!"

ಅಕ್ಕ ನಿಂತು ನೋಡಿದಳು. "ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು ಅಯ್ಯಾ?"

"ದನ ಯೋಳ್ಕೊಟ್ಟವು ಕಣವ್ವ" ಎಂದ ದೊಡ್ಡಪ್ಪ, ತನ್ನ ಮುರುಕು ತಮಿಳಿನಲ್ಲಿ. ಸುತ್ತಿಟ್ಟ ಪಟ್ಟಿ ಬಿಚ್ಚಿ ತೋರಿಸಿದ. ಅಕ್ಕ ಅದನ್ನು ಎಳೆದು ನೋಡಿ ತಲೆಯಾಡಿಸಿದಳು. ಎರಡು ಗಂಟೆಯ ಹೊತ್ತಿಗೆ ನೀರು ಏರುತ್ತದೆ, ಆಗ ಇದನ್ನು ಹೊಟ್ಟೆಯಡಿ ಹಾಕಿ ತೇಲಿಸೋಣ, ಅಲ್ಲಿಯವರೆಗೆ ನೀರು ಹಾಕುತ್ತಿರಿ, ಬೇರೆ ಏನೂ ಬೇಡ ಎಂದು ಹೇಳಿ ದೋಣಿ ಹತ್ತಿದಳು. ಆ ನಾಲ್ಕು ತಿರುಗಿ ಬಾರದ ಹಾಗೆ ಹೊರಗೆ ಕಾಯಬೇಕಿತ್ತು. ದಡದಲ್ಲಿ ನಾವಿಬ್ಬರು, ನೀರು ಹೊರುವ ಇಬ್ಬರು ಹೆಂಗಸರು, ರಸ್ತೆಯಿಂದ ಇಳಿದು ಬಂದು ಫೋನು ಹಿಡಿದು ನಿಂತ ಒಂದಿಪ್ಪತ್ತು ಜನ ಉಳಿದೆವು.

ಆಗ ಒಂಬತ್ತೂವರೆ. ಎರಡು ಗಂಟೆಯವರೆಗೆ ಕಾದರೆ ನನ್ನ ಕಥೆ ಮುಗಿಯಿತು. ಏಳೆಂಟು ಗಂಟೆಯ ದಾರಿಯಾಚೆ, ನಮ್ಮ ಘಾಟಿಯ ಬುಡದ ಬಣ್ಣಾರಿಯಲ್ಲಿ ಸರಕು ಗಾಡಿಗೆ ಸಂಜೆ ಆರಕ್ಕೆ ಗೇಟ್ ಹಾಕುತ್ತಾರೆ. ಆಮೇಲೆ ಕಾಡಿನ ದಾರಿ ಮಾರನೆಯ ಬೆಳಿಗ್ಗೆಯವರೆಗೆ ಬಂದ್. ನಮ್ಮ ಬೆಟ್ಟದ ಗಾಡಿಯವರ ತಲೆಯಲ್ಲಿ ಎಲ್ಲಿ ಹೋದರೂ ಆ ಗೇಟು ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಮಧುಕುಮಾರನ ಫೋನು.

"ಎಲ್ ಸತ್ತಿದ್ದಯ್ಲಾ? ಕೋಸು ಕಡ್ದು ಗುಡ್ಡ ಆಕಿವ್ನಿ. ಬೆಳಗ್ಗ ಗಾಡಿ ಬರ್ದಿದ್ರ ಬೇರೆಯವ್ರ್ನ ನೋಡ್ಕತೀನಿ."

ಇಪ್ಪತ್ತು ಹೆಜ್ಜೆ ಪಕ್ಕದಲ್ಲಿ ದೋಣಿ ತರುವ ತಗ್ಗು ಇತ್ತು, ಅದರಲ್ಲಿ ಆಳ ನೀರು. ತಗ್ಗಿನ ಆಚೆ ದಡ ಗಟ್ಟಿ ಮರಳು. ನನ್ನ ಮಂಡೆಗೆ ಅದು ಬಹಳ ಸುಲಭವಾಗಿ ಹೊಳೆಯಿತು. ಮಳೆಗಾಲದಲ್ಲಿ ನಮ್ಮ ಕಡೆ ಕರಿಮಣ್ಣಿನಲ್ಲಿ ಹೂತ ಗಾಡಿಗಳನ್ನು ನಾನು ಎಷ್ಟು ಎಳೆದಿಲ್ಲ? ಹಿಂದಕ್ಕೆ ಹಗ್ಗ ಕಟ್ಟುವುದು, ಫಸ್ಟ್ ಗೇರು, ಮೆಲ್ಲಗೆ ಆಕ್ಸಿಲೇಟರ್. ಆಚೆ ದಡದಿಂದ ಎಳೆದರೆ ಇದು ತಗ್ಗಿಗೆ ಜಾರುತ್ತದೆ, ಈಜಿಕೊಂಡು ಹೋಗುತ್ತದೆ, ನಾನು ಹತ್ತು ಗಂಟೆಗೆ ಹೊರಡುತ್ತೇನೆ. "ಕಟ್ಟಿ ಎಳಿಯಣ್ಣಾ" ಎಂದು ಫೋನು ಹಿಡಿದವನೊಬ್ಬ ಹೇಳಿದ. ಅವನ ಮೇಲೆ ಹಾಕುವುದಿಲ್ಲ. ಅವನು ಹೇಳುವ ಮೊದಲೇ ಹಗ್ಗ ನನ್ನ ಕೈಯಲ್ಲಿತ್ತು.

ದೊಡ್ಡಪ್ಪ ತಲೆಯ ಕಡೆ ಇದ್ದ. ಕಣ್ಣಿಗೆ ಬಿಸಿಲು ಬೀಳದ ಹಾಗೆ ತನ್ನ ಟವೆಲ್ ಹಿಡಿದು ಕೂತಿದ್ದ. ನಾನು ಬಾಲಕ್ಕೆ ಗಂಟು ಹಾಕಿದ್ದು ಅವನಿಗೆ ಕಾಣಲಿಲ್ಲ. ಕೇಳಿದರೆ ಬೇಡ ಎನ್ನುತ್ತಾನೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಗಾಡಿಯನ್ನು ಬಳಸಿಕೊಂಡು ತಗ್ಗಿನ ಆಚೆ ದಡಕ್ಕೆ ತಂದು, ಹಗ್ಗದ ಇನ್ನೊಂದು ತುದಿಯನ್ನು ನೀರು ದಾಟಿಸಿ ಅದರ ಹಿಂದಕ್ಕೆ ಕಟ್ಟಿ ಹತ್ತಿದೆ. ಹಗ್ಗ ಬಿಗಿಯಿತು. ಕನ್ನಡಿಯಲ್ಲಿ ಅವನು ಎದ್ದು ಓಡುವುದು ಕಂಡಿತು. ಗಂಟಿನ ಮೇಲೆ ಬಿದ್ದ.

"ಬ್ಯಾಡ ಕಣ್ಲಾ! ಬುಡು! ಗುರೂ, ಬುಡ್ಲಾ!"

ವಿಡಿಯೊದಲ್ಲಿ ಕೇಳಿಸದ ಮಾತು ಅದು. ನನಗೆ ಕೇಳಿಸಿತು. ಇನ್ನೊಂದು ಮೊಳ ಬರಲಿ ಎಂದು ಒತ್ತಿದೆ.

ಅದು ಮುರಿದ ಸದ್ದು ಕಿವಿಗೆ ಬರಲಿಲ್ಲ, ಸ್ಟೇರಿಂಗಿನಿಂದ ಕೈಗೆ ಬಂತು. ಹಗ್ಗ ಸಡಿಲವಾಯಿತು. ಇಳಿದು ಓಡಿ ಬಂದು ನೋಡಿದರೆ ಆ ಬಾಲ ಒದ್ದೆ ಬಟ್ಟೆಯ ಹಾಗೆ ಒಂದು ಕಡೆಗೆ ಬಿದ್ದಿತ್ತು. ತಿಮಿಂಗಿಲ ಕೂಗಿತು. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ಕೂಗು, ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ. ಅದಕ್ಕೆ ಕಡಲಿನೊಳಗಿದ್ದ ನಾಲ್ಕೂ ತಿರುಗಿದವು. ದೋಣಿಯವರು ಹಲಗೆ ಬಡಿದರು, ಡಬ್ಬ ಬಡಿದರು, ಹುಡುಗರು ನೀರಿಗೆ ಹಾರಿ ಅಡ್ಡ ನಿಂತರು. ಎರಡು ಮಾತ್ರ ಹೋದವು. ಎರಡು ಆ ಕೂಗಿನ ಕಡೆಗೇ ಬಂದು ಮರಳಿಗೆ ಬಿದ್ದವು, ಉಳಿಯಲಿಲ್ಲ. ಬೆಳಗಿನಿಂದ ಊರು ಮಾಡಿದ್ದನ್ನು ನನ್ನ ಒಂದು ಗೇರು ಅರ್ಧ ನುಂಗಿಹಾಕಿತು.

ದೊಡ್ಡಪ್ಪ ಅದರ ತಲೆಯ ಮೇಲೆ ಅಂಗೈ ಇಟ್ಟು ಕೂತ. ನನ್ನ ಕಡೆ ನೋಡಲಿಲ್ಲ. ಉಸಿರಿನಿಂದ ಉಸಿರಿಗೆ ಅಂತರ ಉದ್ದವಾಗುತ್ತ ಹೋಯಿತು. ಎರಡು ಗಂಟೆಗೆ ನೀರು ಏರಿ ನಮ್ಮ ಸೊಂಟ ಮುಟ್ಟಿತು, ಅಕ್ಕ ಹೇಳಿದ ಹೊತ್ತಿಗೆ ಸರಿಯಾಗಿ. ಆಗ ಅದು ಸತ್ತು ಸ್ವಲ್ಪ ಹೊತ್ತಾಗಿತ್ತು. ಸತ್ತದ್ದು ತಾನಾಗಿ ತೇಲಿತು.

ಅಕ್ಕ ದೋಣಿಯಿಂದ ಇಳಿದು ಬಂದಳು. ಹಗ್ಗ ನೋಡಿದಳು. "ಯಾರು ಕಟ್ಟಿದ್ದು?"

ನಾನು ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ತೆರೆದೆ.

"ನಾನು ಕಣವ್ವ" ಎಂದ ದೊಡ್ಡಪ್ಪ.

"ಹಲಗೆಯ ಮೇಲೆ ಬರೆದಿದೆಯಲ್ಲ ಅಯ್ಯಾ, ಬಾಲಕ್ಕೆ ಹಗ್ಗ ಕಟ್ಟಬಾರದು ಎಂದು?"

"ನಂಗ ಓದಾಕ್ ಬರಾಕಿಲ್ಲವ್ವ."

ಅವಳು ಅವನನ್ನು ಬಯ್ಯಲಿಲ್ಲ. ನನ್ನ ಕಡೆ ತಿರುಗಿದಳು. "ನೀನು ಓದಿದ್ದೆಯಲ್ಲ ತಂಬಿ. ಅಯ್ಯನಿಗೆ ಒಂದು ಮಾತು ಹೇಳಬಾರದಿತ್ತಾ?"

ಹಲಗೆಯ ಮೇಲೆ ಏನಿದೆ ಎಂದು ನನಗೆ ತಿಳಿದದ್ದು ಆಗ.

ಮಾರನೆಯ ಬೆಳಿಗ್ಗೆ ಘಾಟಿ ಹತ್ತುವಾಗ ಕೇಳಿದೆ, "ಯಾಕಂಗಂದೆ ದೊಡ್ಡಪ್ಪ?"

"ನೀ ವಾರವಾರ ಅಲ್ಗ ಓಗ್ಬೇಕಲ್ಲಾ. ಅವ್ರ ಮೊಕ ನೋಡ್ಬೇಕಲ್ಲಾ. ನಾನೇನ್ ತಿರ್ಗ ಅಲ್ಗ ಓಗ್ತೀನಾ?" ಎಂದ. ಆ ಇಪ್ಪತ್ತೇಳು ತಿರುವಿನಲ್ಲಿ ಅವನಾಡಿದ ಮಾತು ಅಷ್ಟೇ.

ವಿಡಿಯೊ ನಮಗಿಂತ ಮೊದಲೇ ಬೆಟ್ಟ ಹತ್ತಿತ್ತು. ಲಿಂಗಯ್ಯನ ಟೀ ಅಂಗಡಿಯಲ್ಲಿ ಮೊದಲು ತಮಾಷೆ. "ಬಾಪ್ಪ ತಿಮಿಂಗಿಲ, ಟೀ ಕುಡಿ. ಕಪ್ಗ ಅಗ್ಗ ಕಟ್ಬ್ಯಾಡ!" ದೊಡ್ಡಪ್ಪನೂ ನಗುತ್ತಿದ್ದ. ಆಮೇಲೆ ತಮಾಷೆ ನಿಂತಿತು, ಕರೆಯುವುದೂ ನಿಂತಿತು. ದನ ಬಿದ್ದ ಸುದ್ದಿ ಸತ್ತ ಮೇಲೆ ಬರತೊಡಗಿತು.

ದೀಪಾವಳಿ ಕಳೆದು ಗುಮಟಾಪುರದ ಸಗಣಿ ಹಬ್ಬಕ್ಕೆ ಅವನು ಪ್ರತಿ ವರ್ಷದ ಹಾಗೆ ಹೋದ. ಬರಿ ಮೈಯಲ್ಲಿ ಸಗಣಿ ಗುಡ್ಡೆಯ ನಡುವೆ ನಿಂತ. ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ನೂರಾರು ಜನ ಒಬ್ಬರ ಮೇಲೊಬ್ಬರು ಉಂಡೆ ಎಸೆದು ಹಸಿರಾಗಿದ್ದರು. ಅವನ ಮೇಲೆ ಯಾರೂ ಎಸೆಯಲಿಲ್ಲ. ಅವನು ಎಸೆದರೆ ತಿರುಗಿ ಎಸೆಯದೆ ಪಕ್ಕಕ್ಕೆ ಸರಿದರು. ಅರ್ಧ ಗಂಟೆ ನಿಂತು ಕೆರೆಗೆ ಹೋಗದೆ ಹಾಗೇ ಮನೆಗೆ ಬಂದ. ತೊಳೆದುಕೊಳ್ಳಲು ಮೈ ಮೇಲೆ ಏನೂ ಇರಲಿಲ್ಲ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಡಿಸೆಂಬರಿನಲ್ಲಿ ಮಧುಕುಮಾರನ ತಾಯಿ ಶಾಂತಮಲ್ಲಮ್ಮನ ಕರಿ ಹಸು ಕರು ಹಾಕಿ ಬಿದ್ದಿತು. ನಾನು ಸತ್ಯಮಂಗಲಕ್ಕೆ ಹೋಗಿದ್ದೆ. ಡಾಕ್ಟರು ಬಂದು ಹೋದರೂ ಅದು ಏಳಲಿಲ್ಲವಂತೆ. ದೊಡ್ಡಪ್ಪ ಕರೆಯದಿದ್ದರೂ ಪಟ್ಟಿ ಹೆಗಲಿಗೆ ಹಾಕಿಕೊಂಡು ಬೇಲಿಯ ಹತ್ತಿರ ಹೋಗಿ ನಿಂತನಂತೆ. ಶಾಂತಮಲ್ಲಮ್ಮ, "ಬಾ ಮಾದಪ್ಪಣ್ಣ" ಎಂದು ಎದ್ದಳಂತೆ. ಮಗ ಅಡ್ಡ ಬಂದ.

"ಬ್ಯಾಡ ಬುಡಪ್ಪ, ನಾವೇ ನೋಡ್ಕತೀವಿ. ಅಲ್ಲಿ ಮೀನ್ಗ ಮಾಡ್ದಂಗ ಇಲ್ಲೂ ಮಾಡಿಯ."

"ಆಯ್ತಪ್ಪ. ಮಗ್ಲೊಂದ್ ಬದಲ್ಸು. ಒಂದೇ ಕಡೀಕ ಬಿದ್ದದ. ಅಷ್ಟ್ ಮಾಡು, ಸಾಕು" ಎಂದು ಹೇಳಿ ತಿರುಗಿ ಬಂದ.

ಅವರು ಮಗ್ಗುಲು ಬದಲಿಸಲಿಲ್ಲ. ಟ್ರ್ಯಾಕ್ಟರು ತರಲು ಹೋದರು, ಹಗ್ಗ ಕಟ್ಟಿ ಎತ್ತೋಣವೆಂದು. ನಾನು ಮಧ್ಯಾಹ್ನ ಬಂದಾಗ ಹೊಟ್ಟೆ ತಮಟೆಯ ಹಾಗೆ ಬಿಗಿದು ಹಸು ಸತ್ತಿತ್ತು. ಟ್ರ್ಯಾಕ್ಟರು ಬೇಲಿಯ ಆಚೆ ಗುರುಗುಟ್ಟುತ್ತಿತ್ತು. ಆ ಸದ್ದು ಕೇಳಿ ನನಗೆ ತಲೆ ಕೆಟ್ಟಿತು. ಹೋಗಿ ಮಧುಕುಮಾರನ ಕೊರಳಪಟ್ಟಿ ಹಿಡಿದೆ.

"ಅಗ್ಗ ಕಟ್ದಂವ ನಾನು ಕಣ್ಲಾ! ನಾನು! ಗಾಡೀಲಿದ್ದಂವ ನಾನು! ದೊಡ್ಡಪ್ಪ ಬಿಚ್ತಿದ್ದ! ನೀ ಪೋನ್ ಮಾಡಿ ಕೋಸು ಕೋಸು ಅಂತ ಬಡ್ಕಂಡೆ, ನಾ ಎಳ್ದೆ!"

ಅವನು ನನ್ನ ಕೈ ಕಿತ್ತೆಸೆದ. "ನಾಕ್ ತಿಂಗ್ಳಿಂದ ಬಾಯ್ಗೇನ್ ಕೋಸು ತುರ್ಕಂಡಿದ್ದ್ಯಾ?"

ಜನ ಸೇರಿದ್ದರು. ಶಾಂತಮಲ್ಲಮ್ಮ ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕರು ತಾಯಿಯ ಕೆಚ್ಚಲು ಗುದ್ದುತ್ತಿತ್ತು. ಅವಳು ತಲೆ ಎತ್ತದೆ, ಬಯ್ಗುಳದ ದನಿಯೂ ಇಲ್ಲದೆ ಹೇಳಿದಳು:

"ನೆನ್ನ ಯೋಳಿದ್ರ ನನ್ ಅಸ ಉಳೀತಿತ್ತಲ್ಲೋ ಮೊಗ."

ಇಷ್ಟು ವರ್ಷ ನಾನು ಎಲ್ಲರ ಮೇಲೂ ಕೋಪ ಮಾಡಿಕೊಂಡಿದ್ದೇನೆ. ಆ ಮಾತಿಗೆ ಕೋಪ ಬರಲಿಲ್ಲ.

ಮನೆಗೆ ಬಂದೆ. ದೊಡ್ಡಪ್ಪ ಜಗಲಿಯ ಮೇಲೆ ಕೂತು ಪಟ್ಟಿಯನ್ನು ಕತ್ತರಿಸುತ್ತಿದ್ದ. ಬೆರಳಗಲದ ಚೂರುಗಳು ಪಕ್ಕದಲ್ಲಿ ರಾಶಿಯಾಗಿದ್ದವು.

"ಏನ್ ಮಾಡ್ತಿದ್ದಯ್ ದೊಡ್ಡಪ್ಪ?"

"ಟೊಮೇಟೊ ಗಿಡ ಬಾಗವ. ಕಟ್ಟಾಕ್ ಬೇಕು."

"ನಾ ಎಲ್ಲಾರ್ಗೂ ಯೋಳ್ಬುಟ್ಟೆ. ನಾನೇ ಅಂತ."

ಅವನ ಕತ್ತರಿ ಒಂದು ಕ್ಷಣ ನಿಂತಿತು. "ಯೋಳ್ದ್ಯಾ" ಎಂದ. "ಅಸ ಓಯ್ತಂತಲ್ಲ." ಮತ್ತೆ ಕತ್ತರಿಸತೊಡಗಿದ.

ಅಂಗಳಕ್ಕೆ ಇಳಿದು ಅಮಲೋರ್ಪವಂ ಅಕ್ಕನಿಗೆ ಫೋನು ಮಾಡಿದೆ. ಆಗಸ್ಟಿನಿಂದ ಆ ಕಡೆ ಹೋಗಿರಲಿಲ್ಲ. ಯಾವ ದಾರಿಗಾಗಿ ದೊಡ್ಡಪ್ಪ ಆ ಮಾತು ಹೊತ್ತನೋ ಆ ದಾರಿಯನ್ನೇ ನಾನು ಬಿಟ್ಟಿದ್ದೆ. ಅವಳ ದನಿಯ ಹಿಂದೆ ಅಲೆಯ ಸದ್ದಿತ್ತು.

"ಅಕ್ಕ, ನನಗೆ ತಮಿಳು ಓದಲು ಬರುವುದಿಲ್ಲ. ಆ ಹಲಗೆ ನಾನು ಓದಿರಲಿಲ್ಲ. ಹಗ್ಗ ಕಟ್ಟಿದವನೂ ನಾನೇ."

"ನೀನೇನಾ ತಂಬಿ?" ಎಂದಳು.

"ಒಂದು ಸಲ ಓದಿ ಹೇಳುತ್ತೀಯಾ ಅಕ್ಕ? ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ."

ಅವಳು ಕೊಟ್ಟಿಗೆಯವರೆಗೆ ನಡೆದು ಹೋದದ್ದು ಕೇಳಿಸಿತು. ನಾನು ಹಳೆಯ ಲೋಡು ಚೀಟಿಯ ಬೆನ್ನಿಗೆ ಪೆನ್ನು ಇಟ್ಟೆ. ಅವಳು ಒಂದೊಂದೇ ಸಾಲು ಓದಿದಳು. ಗುಂಪು ಕೂಡಬೇಡಿ, ಗದ್ದಲ ಮಾಡಬೇಡಿ. ನೆತ್ತಿಯ ತೂತಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಬಾಲಕ್ಕೆ ಹಗ್ಗ ಕಟ್ಟಬೇಡಿ, ಎಳೆಯಬೇಡಿ. ಅಲ್ಲಿ ನಿಲ್ಲಿಸಿ ಕೇಳಿದಳು:

"ಬರೆದೆಯಾ?"

"ಬರೆದೆ ಅಕ್ಕ."

ಮಗ್ಗುಲಾಗಿ ಬಿದ್ದಿದ್ದರೆ ಹೊಟ್ಟೆಯ ಮೇಲೆ ಕೂರಿಸಿ, ಎರಡೂ ಕಡೆ ಒತ್ತುಕೊಡಿ. ಮೈ ಒಣಗದಂತೆ ಒದ್ದೆ ಬಟ್ಟೆ ಹೊದಿಸಿ.

"ಕೊನೆಯದು" ಎಂದಳು. "ಅಗಲವಾದ ಬಟ್ಟೆಯ ಪಟ್ಟಿ ಹೊಟ್ಟೆಯಡಿ ಹಾಕಿ, ನೀರು ಬರುವವರೆಗೆ ಕಾಯಿರಿ."

ಜಗಲಿಯ ಮೇಲೆ ಕತ್ತರಿಯ ಸದ್ದು ನಿಂತಿತ್ತು. ತಿರುಗಿ ನೋಡಿದೆ. ದೊಡ್ಡಪ್ಪ ಚೂರುಗಳನ್ನೆಲ್ಲ ಒಟ್ಟು ಮಾಡಿ ಮಂಕರಿಗೆ ತುಂಬಿಕೊಂಡು, ಟೊಮೇಟೊ ಹೊಲದ ಕಡೆಗೆ ಹೊರಟಿದ್ದ.